ಸಬ್ಬಸಿಗೆ ಸಾಕು, ಕರಿಬೇವು ಹಚ್ಚಿ: ಪಾತರಗಿತ್ತಿಯ ಹುಳುಗಳಿಗೆ ಮನೆಯಲ್ಲೇ ಮೇವು ಬೆಳೆಯುವುದು ಹೇಗೆ

ಚಿಟ್ಟೆ ತೋಟ ಮಾಡೋಣ ಎಂದು ಮೊಬೈಲ್‌ನಲ್ಲಿ ಹುಡುಕಿದರೆ ಎಲ್ಲ ವಿಡಿಯೊಗಳೂ ಒಂದೇ ಮಾತು ಹೇಳುತ್ತವೆ. ಸಬ್ಬಸಿಗೆ ಹಾಕಿ, ಬಡೆಸೋಪು ಹಾಕಿ, ಪಾರ್ಸ್ಲಿ ಹಾಕಿ, ಸ್ವಾಲೋಟೇಲ್ (ಹಿಂದಿನ ರೆಕ್ಕೆಗೆ ಸಾಮಾನ್ಯವಾಗಿ ಬಾಲದಂಥ ತುದಿ ಇರುವ ದೊಡ್ಡ ಚಿಟ್ಟೆಗಳ ಬಳಗ) ಚಿಟ್ಟೆ ತಾನಾಗಿ ಬಂದು ಮೊಟ್ಟೆ ಇಡುತ್ತದೆ. ಇದು ಸುಳ್ಳೇನಲ್ಲ. ಅಮೆರಿಕದ ಪೂರ್ವಭಾಗದಲ್ಲಿ ಬ್ಲ್ಯಾಕ್ ಸ್ವಾಲೋಟೇಲ್ ಎಂಬ ಚಿಟ್ಟೆ ಇದೆ. ಅದರ ಹುಳುಗಳು ಸಬ್ಬಸಿಗೆ, ಗಜ್ಜರಿ ಸೊಪ್ಪು ಎಲ್ಲವನ್ನೂ ಮೇಯುತ್ತವೆ. ಯುರೋಪಿನಲ್ಲೂ ನಮ್ಮ ಹಿಮಾಲಯದಲ್ಲೂ ಇರುವ ಇನ್ನೊಂದು ಸ್ವಾಲೋಟೇಲ್‌ಗೂ ಅದೇ ಜಾತಿಯ ಸೊಪ್ಪು ಇಷ್ಟ.

ಆದರೆ ಆ ಎರಡೂ ಚಿಟ್ಟೆ ವಿಜಯಪುರಕ್ಕೆ ಬರುವುದಿಲ್ಲ, ಬಾಗಲಕೋಟೆಗೂ ಬರುವುದಿಲ್ಲ. ಇಲ್ಲಿ ಮಾಳಿಗೆ ತುಂಬಾ ಸಬ್ಬಸಿಗೆ ಬೆಳೆದರೂ ಪಲ್ಯಕ್ಕೆ ಆಗುತ್ತದೆ, ಅಷ್ಟೇ. ನಮ್ಮ ಕಡೆಯ ಸ್ವಾಲೋಟೇಲ್‌ಗಳು ತಿನ್ನುವುದು ಕರಿಬೇವು, ಲಿಂಬೆ, ಬಿಲ್ವಪತ್ರಿ, ಈಶ್ವರಿ ಬಳ್ಳಿ, ಹೊಲದ ಬದುವಿನ ಬಾವಂಚಿ. ಹೆಚ್ಚಿನವು ನಿಮ್ಮ ಓಣಿಯಲ್ಲೇ ಇರುತ್ತವೆ. ಹೊಸದಾಗಿ ಮಾಡಬೇಕಾದದ್ದು ಕಡಿಮೆ. ಇರುವ ಗಿಡವನ್ನು ಹುಳು ತಿನ್ನಲಿ ಎಂದು ಬಿಡುವ ಮನಸ್ಸು ಬೇಕು, ಸ್ವಲ್ಪ ಉಪಾಯ ಬೇಕು.

ಯಾರಿಗೆ ಯಾವ ಎಲೆ

ಗಿಡ ತರುವ ಮೊದಲು ಅತಿಥಿ ಯಾರು ಅಂತ ಗೊತ್ತಿರಲಿ. ಚಿಟ್ಟೆ ಯಾವ ಹೂವಿನ ಮಕರಂದವನ್ನಾದರೂ ಕುಡಿದೀತು. ಅದರ ಹುಳು ಹಾಗಲ್ಲ. ಕೆಲವೇ ಗಿಡಗಳ ಎಲೆ ಬಿಟ್ಟು ಬೇರೇನನ್ನೂ ಮುಟ್ಟದೆ ಉಪವಾಸ ಸಾಯುತ್ತದೆ.

ನಮ್ಮಲ್ಲಿ ಅತಿ ಸುಲಭವಾಗಿ ಬರುವುದು ಲಿಂಬೆ ಚಿಟ್ಟೆ. ಕಪ್ಪು ರೆಕ್ಕೆಯ ತುಂಬಾ ತೆಳು ಹಳದಿ ಚುಕ್ಕೆ, ಹಿಂದಿನ ರೆಕ್ಕೆಯ ಒಳಅಂಚಿನಲ್ಲಿ ಒಂದು ಕೆಂಪು ಮಚ್ಚೆ. ಸ್ವಾಲೋಟೇಲ್ ಕುಟುಂಬದ್ದಾದರೂ ಇದಕ್ಕೆ ಬಾಲ ಇಲ್ಲ! ಬಿಸಿಲು, ಬಯಲು ಎರಡೂ ಇದಕ್ಕೆ ಒಗ್ಗುತ್ತವೆ, ಹಾಗಾಗಿ ಇಂಡಿ, ಸಿಂದಗಿ ಕಡೆಯ ಬಯಲಲ್ಲೂ ಆರಾಮಾಗಿ ಇರುತ್ತದೆ. ಲಿಂಬೆ, ಬಿಲ್ವ, ಕರಿಬೇವು, ಸದಾಪು, ಬಾವಂಚಿ ಇದರ ಮೇವು.

ಎರಡನೆಯದು ಕಾಮನ್ ಮಾರ್ಮನ್. ಕರಿಬೇವು ಮತ್ತು ಲಿಂಬೆ ಇದರ ಊಟ. ಗಂಡು ಪೂರ್ತಿ ಕಪ್ಪು, ಹಿಂದಿನ ರೆಕ್ಕೆಯಲ್ಲಿ ಬಿಳಿ ಚುಕ್ಕೆಗಳ ಒಂದು ಸಾಲು. ಮಜಾ ಇರುವುದು ಹೆಣ್ಣಿನಲ್ಲಿ. ಅದು ಮೂರು ವೇಷದಲ್ಲಿ ಬರುತ್ತದೆ. ಒಂದು ಗಂಡಿನ ಹಾಗೇ ಇರುತ್ತದೆ. ಇನ್ನೊಂದು ಕಾಮನ್ ರೋಸ್ ಎಂಬ ಬೇರೆ ಚಿಟ್ಟೆಯನ್ನು ಹೋಲುತ್ತದೆ. ಮೂರನೆಯದು ಕ್ರಿಮ್ಸನ್ ರೋಸ್ ಚಿಟ್ಟೆಯನ್ನು ಹೋಲುತ್ತದೆ. ಈ ರೋಸ್ ಚಿಟ್ಟೆಗಳು ಹುಳುವಾಗಿದ್ದಾಗ ಈಶ್ವರಿ ಬಳ್ಳಿ ತಿಂದು ಅದರ ವಿಷವನ್ನು ಮೈಯಲ್ಲಿ ಕೂಡಿಟ್ಟುಕೊಂಡಿರುತ್ತವೆ. ಒಮ್ಮೆ ಬಾಯಿ ಹಾಕಿದ ಹಕ್ಕಿ ಮತ್ತೆ ಅವುಗಳ ತಂಟೆಗೆ ಹೋಗುವುದಿಲ್ಲ. ಕರಿಬೇವು ತಿಂದು ಬೆಳೆದ ಮಾರ್ಮನ್ ಮೈಯಲ್ಲಿ ಅಂಥ ವಿಷ ಇಲ್ಲ, ಅದಕ್ಕೇ ಸುಮ್ನೆ ವೇಷ ಹಾಕಿಕೊಂಡು ಬಚಾವಾಗುತ್ತದೆ. ಅಸಲಿ ಯಾವುದು, ನಕಲಿ ಯಾವುದು ಅಂತ ತಿಳಿಯಲು ರೆಕ್ಕೆ ನೋಡಬೇಡಿ, ಮೈ ನೋಡಿ. ರೋಸ್ ಚಿಟ್ಟೆಯ ಹೊಟ್ಟೆ ಕೆಂಪು. ಮಾರ್ಮನ್ ಹೊಟ್ಟೆ ಕಪ್ಪು. ಕರಿಬೇವಿನ ಪಕ್ಕದಲ್ಲೇ ಒಂದು ಈಶ್ವರಿ ಬಳ್ಳಿ ಹಬ್ಬಿಸಿದರೆ ಅಸಲಿ ನಕಲಿ ಎರಡನ್ನೂ ಒಂದೇ ಅಂಗಳದಲ್ಲಿ ನೋಡುವ ಅವಕಾಶ ಸಿಗುತ್ತದೆ.

ಇನ್ನೊಂದು ಅತಿಥಿ ಟೇಲ್ಡ್ ಜೇ ಚಿಟ್ಟೆ. ಕಪ್ಪು ರೆಕ್ಕೆಯ ಮೇಲೆ ಹಸಿರು ಚುಕ್ಕೆ, ಒಂದು ಕಡೆ ನಿಲ್ಲದ ಚಡಪಡಿಕೆ. ಇದಕ್ಕೆ ಸೀತಾಫಲ, ರಾಮಫಲ, ಸಂಪಿಗೆ ಬೇಕು. ಕಾಲೇಜು, ಬ್ಯಾಂಕುಗಳ ಮುಂದೆ ಕಂಬದ ಹಾಗೆ ಬೆಳೆಸುತ್ತಾರಲ್ಲ, ಆ ಅಶೋಕವೂ ಆದೀತು. ನಿಮ್ಮ ಮನೆ ಹತ್ತಿರ ಅಂಥ ಅಶೋಕದ ಸಾಲಿದ್ದರೆ ಅರ್ಧ ಕೆಲಸ ಮುಗಿದ ಹಾಗೆ.

ಬೆಳಗಾವಿಯವರಿಗೆ ಇನ್ನೂ ಎರಡು ಭಾಗ್ಯ. ಮಲೆನಾಡಿನ ಅಂಚು ಹತ್ತಿರ ಇರುವುದರಿಂದ ದೊಡ್ಡ ಬ್ಲೂ ಮಾರ್ಮನ್ ಲಿಂಬೆ ಗಿಡಕ್ಕೆ ಬರಬಹುದು. ಅದು ಪಕ್ಕದ ಮಹಾರಾಷ್ಟ್ರದ ರಾಜ್ಯ ಚಿಟ್ಟೆ. ನಮ್ಮ ರಾಜ್ಯ ಚಿಟ್ಟೆ ಸದರ್ನ್ ಬರ್ಡ್‌ವಿಂಗ್ ಈಶ್ವರಿ ಬಳ್ಳಿಯ ಕುಟುಂಬದ ಗಿಡಗಳನ್ನು ತಿನ್ನುತ್ತದೆ. ಖಾನಾಪುರದ ಕಾಡಂಚಿನ ಮನೆಯವರು ಬಳ್ಳಿ ಹಚ್ಚಿ ಕಾಯಬಹುದು. ವಿಜಯಪುರದವರು ಆ ಆಸೆ ಇಟ್ಟುಕೊಳ್ಳುವುದು ಬೇಡ.

ಎಲೆಯೊಳಗಿನ ಗುಟ್ಟು

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಲಿಂಬೆ, ಕರಿಬೇವು, ಬಿಲ್ವ, ಸದಾಪು ಎಲ್ಲ ಒಂದೇ ಕುಟುಂಬದವು, ಸರಿ. ಬಾವಂಚಿ ಹಾಗಲ್ಲ, ಅದು ತೊಗರಿ, ಹೆಸರಿನ ಕುಟುಂಬದ್ದು. ಲಿಂಬೆ ಚಿಟ್ಟೆ ಅದರ ಮೇಲೆ ಯಾಕೆ ಮೊಟ್ಟೆ ಇಡುತ್ತದೆ?

ಚಿಟ್ಟೆಗೆ ನಮ್ಮ ಕುಟುಂಬದ ಲೆಕ್ಕ ಗೊತ್ತಿಲ್ಲ. ಹೆಣ್ಣು ಚಿಟ್ಟೆ ಎಲೆಯ ಮೇಲೆ ಕೂತು ಮುಂಗಾಲಿನಿಂದ ಪಟಪಟ ಬಡಿಯುತ್ತದೆ. ಆ ಕಾಲಿನಲ್ಲೇ ಅದಕ್ಕೆ ರುಚಿ ತಿಳಿಯುತ್ತದೆ. ರಸ ಹೊಂದಿದರೆ ಮೊಟ್ಟೆ, ಇಲ್ಲದಿದ್ದರೆ ಮುಂದಿನ ಗಿಡ. ಲಿಂಬೆ, ಸದಾಪು, ಬಾವಂಚಿ ಈ ಮೂರರಲ್ಲೂ ಸೋರಾಲೆನ್ ಜಾತಿಯ ರಾಸಾಯನಿಕಗಳಿವೆ. ಸೋರಾಲೆನ್‌ಗೆ ಆ ಹೆಸರು ಬಂದಿದ್ದೇ ಬಾವಂಚಿ ಗಿಡದ ಶಾಸ್ತ್ರೀಯ ಹೆಸರಿನಿಂದ. ವಿದೇಶದ ಸ್ವಾಲೋಟೇಲ್‌ಗಳು ತಿನ್ನುವ ಗಜ್ಜರಿ ಕುಟುಂಬದ ಗಿಡಗಳಲ್ಲೂ ಅದೇ ಜಾತಿಯ ರಸಗಳಿವೆ. ಸಂಬಂಧವೇ ಇಲ್ಲದ ಗಿಡಗಳನ್ನು ಒಂದೇ ಚಿಟ್ಟೆ ಬಳಗ ಹಂಚಿಕೊಳ್ಳುವುದಕ್ಕೆ ಈ ರಾಸಾಯನಿಕ ನೆಂಟಸ್ತನ ಒಂದು ಮುಖ್ಯ ಕಾರಣ ಎಂದು ಕೀಟತಜ್ಞರು ಹೇಳುತ್ತಾರೆ.

ಇದರಿಂದ ನಮಗೂ ಒಂದು ಎಚ್ಚರಿಕೆ. ಈ ರಸ ಚರ್ಮಕ್ಕೆ ತಾಗಿ ಮೇಲೆ ಬಿಸಿಲು ಬಿದ್ದರೆ ಸುಟ್ಟ ಹಾಗೆ ಬೊಬ್ಬೆ ಏಳಬಹುದು, ಕಪ್ಪು ಕಲೆ ಉಳಿಯಬಹುದು. ಸದಾಪು, ಬಾವಂಚಿ ಕತ್ತರಿಸಿದ ಮೇಲೆ ಸೋಪು ಹಚ್ಚಿ ಕೈ ತೊಳೆಯಿರಿ. ಮಕ್ಕಳಿಗೆ ಅವನ್ನು ಕತ್ತರಿಸುವ ಕೆಲಸ ಕೊಡಬೇಡಿ.

ಗಿಡ ಎಲ್ಲಿಂದ ತರಬೇಕು

ನರ್ಸರಿಯ ಗಿಡ ನೋಡಲು ಚಂದ. ಒಂದು ಎಲೆಗೂ ತೂತು ಇರುವುದಿಲ್ಲ. ಅಲ್ಲೇ ಅನುಮಾನ ಬರಬೇಕು. ಬೇರಿನಿಂದ ಹೀರಿ ಎಲೆಗೆ ಹೋಗುವ ಇಮಿಡಾಕ್ಲೊಪ್ರಿಡ್‌ನಂಥ ಔಷಧಿ ಹಾಕಿದ್ದರೆ ಎಲೆ ತೊಳೆದರೂ ಪ್ರಯೋಜನ ಇಲ್ಲ, ವಿಷ ಒಳಗೇ ಇರುತ್ತದೆ. ಮೊಟ್ಟೆ ಒಡೆದು ಬಂದ ಹುಳು ಮೊದಲ ತುತ್ತಿಗೇ ಸಾಯುತ್ತದೆ. ತಂದ ಗಿಡವನ್ನು ಕೆಲವು ತಿಂಗಳು ಬೇರೆ ಇಡಿ. ಹಳೆಯ ಎಲೆಗಳನ್ನು ಸವರಿ, ಹೊಸ ಮಣ್ಣಿಗೆ ಬದಲಿಸಿ. ನಿಮ್ಮ ಕೈಯಲ್ಲಿ ಬಂದ ಹೊಸ ಚಿಗುರನ್ನು ಮಾತ್ರ ನಂಬಿ.

ಇದಕ್ಕಿಂತ ಸುಲಭ ದಾರಿ ಬೀಜದಿಂದಲೇ ಬೆಳೆಸುವುದು. ನಮಗೆ ಬೇಕಾಗಿರುವುದು ಎಲೆ. ಕಾಯಿ ಬಿಡಲು ವರ್ಷಗಟ್ಟಲೆ ಹಿಡಿಯುವ ಬೀಜದ ಲಿಂಬೆಯೂ ನಡೆಯುತ್ತದೆ, ಕಸಿ ಗಿಡಕ್ಕೆ ದುಡ್ಡು ಹಾಕುವ ಅಗತ್ಯ ಇಲ್ಲ. ಬಾಗಲಕೋಟೆಯವರಿಗೆ ಉದ್ಯಾನಗಿರಿಯ ತೋಟಗಾರಿಕೆ ವಿಶ್ವವಿದ್ಯಾಲಯ ಹತ್ತಿರ. ಒಳ್ಳೆಯ ತಳಿ ಬೇಕೆನ್ನುವವರು ಅಲ್ಲಿ ವಿಚಾರಿಸಬಹುದು.

ಕರಿಬೇವಿನ ಬಗ್ಗೆ ಒಂದು ಮಾತು. ಧಾರವಾಡ ಕೃಷಿ ವಿಶ್ವವಿದ್ಯಾಲಯದ ಡಿಡಬ್ಲ್ಯೂಡಿ-1 ಮತ್ತು ಡಿಡಬ್ಲ್ಯೂಡಿ-2 ಎಂಬ ಎರಡು ತಳಿಗಳಿವೆ. ಮೊದಲನೆಯದು ಚಳಿಗೆ ಚಿಗುರುವುದು ಕಡಿಮೆ. ಎರಡನೆಯದು ಚಳಿಯನ್ನು ತಡೆದುಕೊಳ್ಳುತ್ತದೆ. ಅಡುಗೆಗೆ ಯಾವುದಾದರೂ ಸರಿ. ಹುಳುಗಳಿಗೆ ಚಿಗುರೇ ಬೇಕು, ಹಾಗಾಗಿ ಸಿಕ್ಕರೆ ಎರಡನೆಯದನ್ನು ತನ್ನಿ.

ಮಣ್ಣು, ಕುಂಡ, ನೀರು

ಎರೆ ಮಣ್ಣನ್ನು ಹಾಗೇ ಕುಂಡಕ್ಕೆ ತುಂಬಬೇಡಿ. ಮಳೆಗೆ ಜಿಗುಟು, ಬಿಸಿಲಿಗೆ ಬಿರುಕು. ಲಿಂಬೆಯ ಬೇರು ನಿಂತ ನೀರಲ್ಲಿ ಕೊಳೆಯುತ್ತದೆ. ಮಸಾರಿ ಮಣ್ಣು ಎರಡು ಪಾಲು, ಚೆನ್ನಾಗಿ ಕಳಿತ ತಿಪ್ಪೆ ಗೊಬ್ಬರ ಒಂದು ಪಾಲು, ಉಸುಕು ಒಂದು ಪಾಲು ಕಲಸಿದರೆ ಸಾಕು. ಕುಂಡದ ತಳದ ತೂತಿನ ಮೇಲೆ ಒಡೆದ ಹಂಚಿನ ಚೂರು ಇಡಿ. ಬಣ್ಣದ ಹಳೇ ಡಬ್ಬ, ಸಿಮೆಂಟ್ ಚೀಲ ಕೂಡ ಕುಂಡವಾದೀತು, ತಳಕ್ಕೆ ತೂತು ಇದ್ದರೆ ಸಾಕು. ಲಿಂಬೆ, ಕರಿಬೇವಿಗೆ ಕನಿಷ್ಠ ಒಂದೂವರೆ ಅಡಿ ಆಳ ಇರಲಿ.

ವಿಜಯಪುರ, ಬಾಗಲಕೋಟೆ ಕಡೆ ಸುಣ್ಣದ ಅಂಶದ ಮಣ್ಣು, ಗಡಸು ಬೋರ್ ನೀರು ಸಾಮಾನ್ಯ. ಲಿಂಬೆಗೆ ಇದರಿಂದ ಕಷ್ಟ. ಹೊಸ ಎಲೆ ಹಳದಿಯಾಗಿ ನರಗಳು ಮಾತ್ರ ಹಸಿರಾಗಿ ಉಳಿದರೆ ಅದು ಕಬ್ಬಿಣದ ಕೊರತೆ. ಮಣ್ಣಿನಲ್ಲಿ ಕಬ್ಬಿಣ ಇದ್ದರೂ ಸುಣ್ಣದಿಂದಾಗಿ ಬೇರಿಗೆ ಸಿಗುವುದಿಲ್ಲ. ಮಳೆನೀರು ಹಿಡಿದಿಟ್ಟು ಹಾಕುವುದು, ವರ್ಷಕ್ಕೊಮ್ಮೆ ಮೇಲಿನ ಮಣ್ಣು ತೆಗೆದು ಗೊಬ್ಬರ ತುಂಬುವುದು ಒಳ್ಳೆಯ ಉಪಾಯ. ಬೆಳಗಾವಿಯ ಕೆಂಪು ಮಣ್ಣಿನವರಿಗೆ ಈ ತಲೆನೋವು ಕಡಿಮೆ. ಅಲ್ಲಿ ಮಳೆಗಾಲದಲ್ಲಿ ನೀರು ಬಸಿದು ಹೋಗುವಂತೆ ನೋಡಿಕೊಂಡರೆ ಆಯಿತು.

ಜಾಗ ಅರ್ಧ ದಿನ ಬಿಸಿಲು ಬೀಳುವಂಥದ್ದಿರಲಿ. ಗಾಳಿ ಜೋರಾಗಿ ಹೊಡೆಯುವ ಮಾಳಿಗೆಯ ಮೂಲೆ ಬೇಡ. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟಿದಾಗ ನೆರಳು ಬಲೆ ಕಟ್ಟಿ. ಆಗ ಚಿಟ್ಟೆಯೂ ಕಡಿಮೆ, ಗಿಡ ಉಳಿಸಿಕೊಳ್ಳುವುದೇ ಕೆಲಸ.

ಗಿಡ ಹಚ್ಚುವ ಹೊತ್ತು

ಮಿರಗದ ಮಳೆ ಬಿದ್ದ ಮೇಲೆ ಶುರು ಮಾಡಿ. ಜೂನ್‌ನಲ್ಲಿ ಹಚ್ಚಿದ್ದು ಶ್ರಾವಣಕ್ಕೆ ಬೇರು ಹಿಡಿಯುತ್ತದೆ. ಮಳೆಗಾಲದ ನಡುವಿನಿಂದ ದೀಪಾವಳಿವರೆಗೆ ಚಿಟ್ಟೆಗಳ ಓಡಾಟ ಜಾಸ್ತಿ.

ಮೊದಲ ವರ್ಷವೇ ಫಲ ಬೇಕೆನ್ನುವವರಿಗೆ ಬಾವಂಚಿ. ಇದು ಒಂದೇ ವರ್ಷದ ಗಿಡ, ಮೊಣಕಾಲಿನಿಂದ ಸೊಂಟದವರೆಗೆ ಬೆಳೆಯುತ್ತದೆ, ಸಣ್ಣ ನೇರಳೆ ಹೂಗೊಂಚಲು ಬಿಡುತ್ತದೆ. ಎರೆ ಹೊಲದ ಬದುಗಳಲ್ಲಿ ಇದನ್ನು ಕಳೆ ಎಂದು ಕಿತ್ತೆಸೆಯುತ್ತಾರೆ. ಗಿಡಮೂಲಿಕೆ ಅಂಗಡಿಯಲ್ಲಿ ಕಪ್ಪಗಿನ ಕಾಳು ಸಿಗುತ್ತದೆ. ಸಿಪ್ಪೆ ಗಟ್ಟಿ, ಹಾಗಾಗಿ ಉಸುಕು ಕಾಗದದ ಮೇಲೆ ಸ್ವಲ್ಪ ಉಜ್ಜಿ, ರಾತ್ರಿಯೆಲ್ಲಾ ನೆನೆಸಿ ಬಿತ್ತಿ. ಅಂಗಡಿಯ ಕಾಳು ಹಳೆಯದಿರಬಹುದು, ಬೇಕಾದ್ದಕ್ಕಿಂತ ಜಾಸ್ತಿ ಹಾಕಿ. ಎರೆ ಮಣ್ಣು ಇದಕ್ಕೆ ಹಿತ, ಕುಂಡಕ್ಕಿಂತ ಅಂಗಳದ ಅಂಚಿನಲ್ಲಿ ನೆಲಕ್ಕೇ ಬಿತ್ತಿದರೆ ಚೆನ್ನ. ಒಮ್ಮೆ ಬೇರೂರಿದರೆ ನೀರು ಕೇಳುವುದು ಕಡಿಮೆ. ಬೇರೆಲ್ಲ ಗಿಡಕ್ಕಿಂತ ನಾನು ಇದನ್ನೇ ಮೊದಲು ಹೇಳುತ್ತೇನೆ, ನಮ್ಮ ನೆಲದ್ದು, ಖರ್ಚಿಲ್ಲದ್ದು.

ಕರಿಬೇವಿನ ಬೀಜಕ್ಕೆ ತಾಳ್ಮೆ ಬೇಡ, ಅವಸರ ಬೇಕು. ಹಣ್ಣು ಕಪ್ಪಾದ ಕೂಡಲೇ ಕಿತ್ತು, ತಿರುಳು ತೊಳೆದು, ಅದೇ ವಾರ ಬಿತ್ತಿ. ಒಣಗಿಸಿ ಡಬ್ಬಿಯಲ್ಲಿಟ್ಟ ಬೀಜ ಕೆಲವೇ ವಾರಗಳಲ್ಲಿ ಮೊಳೆಯುವ ಶಕ್ತಿ ಕಳೆದುಕೊಳ್ಳುತ್ತದೆ. ನೆರೆಮನೆಯ ದೊಡ್ಡ ಗಿಡದ ಬುಡದಲ್ಲಿ ಏಳುವ ಮರಿಗಳನ್ನು ಬೇರಿನ ತುಂಡಿನ ಸಮೇತ ಮಳೆಗಾಲದಲ್ಲಿ ಕಿತ್ತು ತಂದರೂ ಹತ್ತುತ್ತವೆ.

ಲಿಂಬೆ ಬೀಜವನ್ನೂ ಹಣ್ಣು ಹಿಂಡಿದ ದಿನವೇ ತೊಳೆದು ಊರಿ. ಒಂದೇ ಬೀಜದಿಂದ ಎರಡು ಮೂರು ಸಸಿ ಎದ್ದರೆ ಗಾಬರಿ ಬೇಡ, ಲಿಂಬೆಗೆ ಅದು ಸಹಜ. ಬಿಲ್ವ ನಿಧಾನ, ಮುಳ್ಳು ಬೇರೆ. ಅಂಗಳ ದೊಡ್ಡದಿದ್ದರೆ ನೆಲಕ್ಕೆ ಹಚ್ಚಿ. ಸೋಮವಾರ ಪೂಜೆಗೆ ಪತ್ರಿಯೂ ಆಗುತ್ತದೆ, ತಳಗಿನ ಟೊಂಗೆ ಹುಳುಗಳಿಗೂ ಉಳಿಯುತ್ತದೆ. ಸದಾಪು ಕೆಲವರಿಗೆ ನಾಗದಾಳಿ ಎಂದರೆ ಗೊತ್ತು. ಬೆಳಗಾವಿಯ ಹವೆಗೆ ಚೆನ್ನಾಗಿ ಬರುತ್ತದೆ. ವಿಜಯಪುರದಲ್ಲಿ ಮಧ್ಯಾಹ್ನದ ನೆರಳಿಲ್ಲದಿದ್ದರೆ ಸುಟ್ಟುಹೋಗುತ್ತದೆ.

ಈಶ್ವರಿ ಬಳ್ಳಿಯನ್ನು ಕಾಡಿನಿಂದ, ಬೇಲಿಯಿಂದ ಬೇರು ಸಮೇತ ಕಿತ್ತು ತರಬೇಡಿ. ಔಷಧಿಗೆಂದು ಜನ ಅದನ್ನು ಈಗಾಗಲೇ ಸಾಕಷ್ಟು ಅಗೆದಿದ್ದಾರೆ. ಔಷಧಿ ಸಸ್ಯಗಳ ನರ್ಸರಿಯಿಂದ ತನ್ನಿ, ಇಲ್ಲವೇ ಮಾಗಿದ ಕಾಯಿಯಿಂದ ಬೀಜ ತೆಗೆದು ಬಿತ್ತಿ. ಕಾಯಿ ಬಿರಿದಾಗ ಪುಟ್ಟ ತೂಗುಬುಟ್ಟಿಯ ಆಕಾರದಲ್ಲಿ ಜೋತು ಬೀಳುತ್ತದೆ, ಒಳಗೆ ತೆಳು ರೆಕ್ಕೆಯ ಬೀಜಗಳು. ಹಬ್ಬಲು ಒಂದು ತಂತಿ ಬಲೆ ಕೊಡಿ. ಎರಡು ಎಚ್ಚರಿಕೆ. ಈ ಬಳ್ಳಿಯ ಅರಿಸ್ಟೊಲೊಕಿಕ್ ಆಮ್ಲ ಮನುಷ್ಯರ ಮೂತ್ರಪಿಂಡ ಹಾಳು ಮಾಡುತ್ತದೆ, ಕ್ಯಾನ್ಸರ್‌ಗೂ ಕಾರಣವಾಗುತ್ತದೆ. ಯಾರು ಏನೇ ಹೇಳಲಿ, ಕಷಾಯ ಮಾಡಿ ಕುಡಿಯಬೇಡಿ. ಎರಡನೆಯದು, ಇದೇ ಕುಟುಂಬದ ದೊಡ್ಡ ಹೂವಿನ ವಿದೇಶಿ ಅಲಂಕಾರಿಕ ಬಳ್ಳಿಗಳನ್ನು ಹಚ್ಚಬೇಡಿ. ಆಸ್ಟ್ರೇಲಿಯಾದಲ್ಲಿ ರಿಚ್ಮಂಡ್ ಬರ್ಡ್‌ವಿಂಗ್ ಚಿಟ್ಟೆ ಅಂಥ ಒಂದು ಬಳ್ಳಿಯ ಮೇಲೆ ಮೋಸಹೋಗಿ ಮೊಟ್ಟೆ ಇಡುತ್ತದೆ, ಎಲೆ ತಿಂದ ಹುಳುಗಳು ಸಾಯುತ್ತವೆ.

ಚಿಗುರು ಸರದಿ

ಈ ಕೆಲಸದ ನಿಜವಾದ ಕೈಚಳಕ ಇರುವುದು ಇಲ್ಲಿ. ಹೆಣ್ಣು ಚಿಟ್ಟೆ ಹುಡುಕುವುದು ಎಳೆ ಚಿಗುರನ್ನು. ಈಗಷ್ಟೇ ಹುಟ್ಟಿದ ಹುಳುವಿಗೆ ಬಲಿತ ಎಲೆ ಕಚ್ಚಲು ಆಗುವುದಿಲ್ಲ. ಗಿಡ ದೊಡ್ಡದಿದ್ದೂ ಚಿಗುರಿಲ್ಲದಿದ್ದರೆ ಚಿಟ್ಟೆ ಬಂದು, ಬಡಿದು ನೋಡಿ, ಹೋಗಿಬಿಡುತ್ತದೆ.

ಅದಕ್ಕೆ ಒಂದೇ ಗಿಡದ ಬದಲು ಮೂರು ನಾಲ್ಕು ಕುಂಡ ಇಟ್ಟುಕೊಳ್ಳಿ. ಒಂದರ ತುದಿಗಳನ್ನು ಇವತ್ತು ಚಿವುಟಿ. ಎರಡು ವಾರ ಬಿಟ್ಟು ಇನ್ನೊಂದರದು. ಮತ್ತೆ ಎರಡು ವಾರಕ್ಕೆ ಮೂರನೆಯದು. ಚಿವುಟಿದ ಎಲೆ ಒಗ್ಗರಣೆಗೆ ಹೋಗುತ್ತದೆ, ಗಿಡ ಪಕ್ಕದಿಂದ ಹೊಸ ಚಿಗುರು ಬಿಡುತ್ತದೆ. ಹೀಗೆ ಯಾವಾಗ ನೋಡಿದರೂ ಒಂದಾದರೂ ಕುಂಡದಲ್ಲಿ ಎಳೆ ಎಲೆ ಇರುತ್ತದೆ. ಚಿವುಟಿದ ಮೇಲೆ ತೆಳ್ಳಗಿನ ಸಗಣಿ ನೀರು ಹಾಕಿ.

ಕುಂಡ ಜಾಸ್ತಿ ಬೇಕು ಎನ್ನುವುದಕ್ಕೆ ಇನ್ನೂ ಒಂದು ಕಾರಣ. ಹುಳು ಜೀವಮಾನದ ಊಟದಲ್ಲಿ ಹೆಚ್ಚಿನ ಭಾಗವನ್ನು ಕೊನೆಯ ಕೆಲವು ದಿನಗಳಲ್ಲೇ ತಿನ್ನುತ್ತದೆ. ವಾರವೆಲ್ಲಾ ಅಲ್ಲಲ್ಲಿ ಒಂದು ತೂತು ಕಾಣುತ್ತಿದ್ದ ಗಿಡ ಎರಡು ದಿನದಲ್ಲಿ ಬೋಳಾಗಿ ನಿಂತಿರುತ್ತದೆ. ಅಡುಗೆ ಮನೆಗೆಂದು ಒಂದು ಕುಂಡವನ್ನು ಪರದೆ ಹಾಕಿ ಬೇರೆ ಇಟ್ಟರೆ ಮನೆಯವರ ಜೊತೆ ಜಗಳವೂ ತಪ್ಪುತ್ತದೆ.

ಗಿಡಕ್ಕೆ ಔಷಧಿ ಬೇಡ. ಬೇವಿನೆಣ್ಣೆಯೂ ಬೇಡ. ಅದು ಸಾವಯವ ಇರಬಹುದು, ಚಿಟ್ಟೆಯ ಹುಳುವಿಗೂ ಅದು ವಿಷವೇ. ಹೇನು ಬಂದರೆ ನೀರು ರಭಸವಾಗಿ ಹೊಡೆದು ತೊಳೆಯಿರಿ, ಅದೂ ಮೊಟ್ಟೆ ಇಲ್ಲ ಎಂದು ನೋಡಿಕೊಂಡ ಮೇಲೆ. ಇರುವೆ ಹತ್ತದಂತೆ ಕುಂಡವನ್ನು ನೀರಿನ ತಟ್ಟೆಯ ನಡುವೆ ಕಲ್ಲಿನ ಮೇಲೆ ಇಡಿ. ವಾರಕ್ಕೆ ಎರಡು ಸಲ ಆ ನೀರು ಬದಲಿಸಿ, ಇಲ್ಲದಿದ್ದರೆ ಸೊಳ್ಳೆ ಸಾಕಿದಂತಾಗುತ್ತದೆ. ದ್ರಾಕ್ಷಿ, ದಾಳಿಂಬೆ ತೋಟದ ಪಕ್ಕ ಮನೆ ಇದ್ದವರು ಸ್ಪ್ರೇ ಗಾಳಿ ಬೀಸುವ ದಿಕ್ಕಿನಲ್ಲಿ ಕುಂಡ ಇಡಬೇಡಿ.

ಮೊಟ್ಟೆ ಹುಡುಕುವುದು

ಬೆಳಗಿನ ಬಿಸಿಲಿಗೆ ಚಿಗುರಿನ ಎರಡೂ ಮಗ್ಗುಲು ನೋಡಿ. ಸಾಸಿವೆ ಕಾಳಿಗಿಂತ ಸಣ್ಣದಾದ, ತೆಳು ಹಳದಿಯ, ನುಣುಪಾದ ದುಂಡು ಮೊಟ್ಟೆ ಒಂಟಿಯಾಗಿ ಅಂಟಿರುತ್ತದೆ. ಲಿಂಬೆ ಚಿಟ್ಟೆಯೂ ಮಾರ್ಮನ್ನೂ ಇಡುವುದು ಹೀಗೆ ಒಂದೊಂದನ್ನೇ. ಗುಂಪು ಗುಂಪಾಗಿ ಕಂಡರೆ ಅದು ಬೇರೆ ಯಾವುದೋ ಹುಳದ್ದು. ರೋಸ್ ಚಿಟ್ಟೆಯ ಮೊಟ್ಟೆ ಕಿತ್ತಳೆ ಛಾಯೆಯದು, ಮೇಲೆ ಗೆರೆಗೆರೆ ಇರುತ್ತದೆ.

ಬೆಚ್ಚಗಿನ ದಿನಗಳಲ್ಲಿ ಮೂರು ನಾಲ್ಕು ದಿನಕ್ಕೆ ಮೊಟ್ಟೆ ಒಡೆಯುತ್ತದೆ. ಹೊರಬಂದ ಹುಳು ಮೊದಲು ತನ್ನ ಚಿಪ್ಪನ್ನೇ ತಿನ್ನುತ್ತದೆ. ಆಮೇಲೆ ಅದನ್ನು ನೋಡಿದವರು ಬಹುಪಾಲು ಒರೆಸಿ ಎಸೆಯುತ್ತಾರೆ, ಯಾಕೆಂದರೆ ಅದು ಥೇಟ್ ಹಕ್ಕಿ ಹಿಕ್ಕೆ. ಕಂದು ಮೈ, ನಡುವೆ ಬಿಳಿ ಪಟ್ಟೆ, ಮೇಲೆ ಒದ್ದೆಯಾದಂತೆ ಹೊಳಪು. ಎಲೆಯ ನಟ್ಟನಡುವೆ ರಾಜಾರೋಷವಾಗಿ ಕೂತಿರುತ್ತದೆ. ಹಕ್ಕಿ ತನ್ನ ಹಿಕ್ಕೆಯನ್ನು ತಾನೇ ತಿನ್ನೀತೇ? ನಾಲ್ಕು ಸಲ ಪೊರೆ ಬಿಡುತ್ತದೆ. ನಾಲ್ಕನೆಯ ಪೊರೆ ಬಿಟ್ಟಾಗ ವೇಷವೇ ಬದಲು. ಎಲೆ ಹಸಿರು ಮೈ, ಕಣ್ಣಿನಂಥ ಗುರುತು, ಪಕ್ಕದಲ್ಲಿ ಓರೆ ಪಟ್ಟೆಗಳು.

ಈಗ ಒಂದು ಕಡ್ಡಿಯಿಂದ ಮೆಲ್ಲಗೆ ತಟ್ಟಿ ನೋಡಿ. ತಲೆಯ ಹಿಂದಿನಿಂದ ಕೆಂಪು ಕವೆ ಥಟ್ಟನೆ ಹೊರಬರುತ್ತದೆ, ಹಾವಿನ ನಾಲಿಗೆ ಅನ್ನಬೇಕು. ಜೊತೆಗೆ ಹುಳಿ ಹಣ್ಣು ಕೊಳೆತಂಥ ಘಾಟು. ಇರುವೆ, ಜೇಡ ಓಡಿಸಲು ಇದು ಅದರ ಉಪಾಯ. ಕ್ಷಣ ಬಿಟ್ಟು ಮತ್ತೆ ಒಳಕ್ಕೆ ಎಳೆದುಕೊಳ್ಳುತ್ತದೆ. ಸ್ವಾಲೋಟೇಲ್ ಕುಟುಂಬದ ಹುಳು ಎನ್ನಲು ಇದೇ ಗುರುತು. ಮಾರ್ಮನ್ ಹುಳುವಿನ ಕವೆ ಕಡುಗೆಂಪು, ಲಿಂಬೆ ಚಿಟ್ಟೆಯದು ಸ್ವಲ್ಪ ಕಿತ್ತಳೆಗೆ ತಿರುಗಿದ್ದು. ಪದೇ ಪದೇ ತಟ್ಟಿ ಕಾಡಬೇಡಿ, ಅದಕ್ಕೆ ದಣಿವಾಗುತ್ತದೆ. ಇವು ಕಂಬಳಿಹುಳು ಅಲ್ಲ, ಕೂದಲಿಲ್ಲ, ತುರಿಕೆಯೂ ಇಲ್ಲ.

ಈಶ್ವರಿ ಬಳ್ಳಿಯ ಮೇಲಿನ ಹುಳುಗಳು ಅಡಗಿಕೊಳ್ಳುವ ಗೋಜಿಗೇ ಹೋಗುವುದಿಲ್ಲ. ಕಡು ಮೈಯ ಮೇಲೆ ಕೆಂಪು ತುದಿಯ ಮೆದು ಮುಳ್ಳುಗಳು. ನಡುವಿನಲ್ಲಿ ಬಿಳಿ ಪಟ್ಟಿ ಇದ್ದರೆ ಕಾಮನ್ ರೋಸ್, ಇಲ್ಲದಿದ್ದರೆ ಕ್ರಿಮ್ಸನ್ ರೋಸ್.

ಡಬ್ಬಿಯಲ್ಲಿ ಸಾಕಬೇಕೆ

ಗಿಡದಲ್ಲೇ ಬಿಟ್ಟರೆ ಹೆಚ್ಚಿನವು ಉಳಿಯುವುದಿಲ್ಲ. ಪಿಕಳಾರ, ಓತಿಕ್ಯಾತ, ಕಣಜ, ಜೇಡ ಎಲ್ಲಕ್ಕೂ ಪಾಲು ಹೋಗುತ್ತದೆ. ಅದು ಅವುಗಳ ಹಕ್ಕು. ಎಲ್ಲವನ್ನೂ ಕಾಪಾಡಲು ಹೋಗಬೇಡಿ. ಮಕ್ಕಳಿಗೆ ತೋರಿಸಬೇಕು ಎಂದಿದ್ದರೆ ಎರಡು ಮೂರನ್ನು ಮಾತ್ರ ಒಳಗೆ ತನ್ನಿ. ಅತಿ ಸುಲಭ ದಾರಿ ಎಂದರೆ ಇಡೀ ಕುಂಡಕ್ಕೆ ಹಳೇ ಸೊಳ್ಳೆಪರದೆ ಹೊದಿಸಿ ಬುಡಕ್ಕೆ ದಾರ ಕಟ್ಟುವುದು.

ಡಬ್ಬಿಯೇ ಬೇಕೆಂದರೆ ಅಗಲವಾದ ಪ್ಲಾಸ್ಟಿಕ್ ಡಬ್ಬಿ, ಮೇಲೆ ತೆಳು ಬಟ್ಟೆ, ತಳಕ್ಕೆ ಪೇಪರ್. ದಿನಾ ಬೆಳಿಗ್ಗೆ ಪೇಪರ್ ಬದಲಿಸಿ. ಹಿಕ್ಕೆ ಉಳಿದು ಬೂಸಲು ಬಂದರೆ ರೋಗ ಹಬ್ಬುತ್ತದೆ, ಹುಳು ಕಪ್ಪಾಗಿ ಮೆತ್ತಗಾಗಿ ಜೋತು ಬೀಳುತ್ತದೆ. ಟೊಂಗೆಯನ್ನು ಸಣ್ಣ ಸೀಸೆಯ ನೀರಲ್ಲಿ ಇಟ್ಟರೆ ಎಲೆ ಎರಡು ದಿನ ಬಾಡುವುದಿಲ್ಲ. ಸೀಸೆಯ ಬಾಯಿಗೆ ಹತ್ತಿ ತುರುಕಿ, ಇಲ್ಲವಾದರೆ ಹುಳು ಇಳಿದು ಮುಳುಗುತ್ತದೆ. ಹುಳುವನ್ನು ಎಲೆಯಿಂದ ಎಳೆದು ತೆಗೆಯಬೇಡಿ, ಹಳೇ ಎಲೆಯ ಸಮೇತ ಹೊಸ ಟೊಂಗೆಯ ಮೇಲಿಡಿ, ತಾನೇ ದಾಟಿಕೊಳ್ಳುತ್ತದೆ.

ಎಲೆ ಕಡಿಮೆ ಬಿತ್ತು ಎಂದು ಸಂತೆಯ ಕರಿಬೇವಿನ ಕಟ್ಟು ತಂದು ಹಾಕುವವರಿದ್ದಾರೆ. ದಯವಿಟ್ಟು ಬೇಡ. ಮಾರುಕಟ್ಟೆಯ ಕರಿಬೇವಿಗೆ ಔಷಧಿ ಹೊಡೆದಿರುವುದೇ ಜಾಸ್ತಿ. ಲಿಂಬೆ ತಿಂದು ಬೆಳೆದ ಹುಳುವಿಗೆ ಕೊನೆಯವರೆಗೂ ಲಿಂಬೆಯನ್ನೇ ಕೊಡಿ. ನಡುವೆ ಮೇವು ಬದಲಿಸಿದರೆ ಒಲ್ಲೆ ಎಂದು ಉಪವಾಸ ಕೂರುವುದುಂಟು.

ಎರಡು ಮೂರು ವಾರ ತಿಂದಾದ ಮೇಲೆ ಒಂದು ದಿನ ಹುಳು ತಿನ್ನುವುದು ನಿಲ್ಲಿಸುತ್ತದೆ. ನೀರಾದ ಹಿಕ್ಕೆ ಹಾಕಿ ಅತ್ತಿತ್ತ ಓಡಾಡುತ್ತದೆ. ರೋಗ ಬಂತೆಂದು ಹೆದರಬೇಡಿ, ಕೋಶ ಕಟ್ಟಲು ಜಾಗ ಹುಡುಕುತ್ತಿದೆ. ಒಂದೆರಡು ಒಣ ಕಡ್ಡಿ ಓರೆಯಾಗಿ ನಿಲ್ಲಿಸಿ. ಬಾಲದ ತುದಿಯನ್ನು ಕಡ್ಡಿಗೆ ಅಂಟಿಸಿ, ನಡುವಿಗೆ ರೇಷ್ಮೆ ಎಳೆಯ ಪಟ್ಟಿ ಕಟ್ಟಿಕೊಂಡು ಒರಗಿ ನಿಲ್ಲುತ್ತದೆ. ಮರುದಿನ ಪೊರೆ ಕಳಚಿ ಕೋಶವಾಗುತ್ತದೆ. ಹಸಿರು ಟೊಂಗೆಯಲ್ಲಿ ಹಸಿರು ಕೋಶ, ಒಣ ಕಡ್ಡಿಯಲ್ಲಿ ಕಂದು ಕೋಶ ಆಗುವುದು ಸಾಮಾನ್ಯ. ಆಗ ಅದನ್ನು ಮುಟ್ಟಬೇಡಿ, ಅಲುಗಿಸಬೇಡಿ.

ಬೆಚ್ಚಗಿನ ಕಾಲದಲ್ಲಿ ಒಂದು, ಒಂದೂವರೆ ವಾರಕ್ಕೆ ಕೋಶ ಕಪ್ಪಾಗುತ್ತದೆ, ಒಳಗಿನ ರೆಕ್ಕೆಯ ಬಣ್ಣ ಹೊರಗೆ ಕಾಣುತ್ತದೆ. ಮರುದಿನ ಬೆಳಿಗ್ಗೆ ಚಿಟ್ಟೆ. ಮುದುಡಿದ ರೆಕ್ಕೆ ಬಿಚ್ಚಿ ಒಣಗಲು ಒಂದೆರಡು ಗಂಟೆ ಬೇಕು. ಆಗ ಅದು ಹತ್ತಿಕೊಂಡು ಜೋತುಬೀಳಲು ಏನಾದರೂ ಒರಟು ಆಸರೆ ಇರಲಿ. ನುಣುಪು ಪ್ಲಾಸ್ಟಿಕ್ ಮೇಲೆ ಜಾರಿ ಬಿದ್ದರೆ ರೆಕ್ಕೆ ಮಡಚಿಕೊಂಡೇ ಗಟ್ಟಿಯಾಗುತ್ತದೆ. ತಳದಲ್ಲಿ ಬಣ್ಣದ ಹನಿ ಕಂಡರೆ ಅದು ರಕ್ತವಲ್ಲ, ಕೋಶದೊಳಗೆ ಉಳಿದ ಕಸ. ಬಿಸಿಲೇರಿದ ಮೇಲೆ ಹೊರಗೆ ಬಿಡಿ.

ಕೆಲವು ಸಲ ಕೋಶದಿಂದ ಚಿಟ್ಟೆಯ ಬದಲು ಪುಟ್ಟ ಕಣಜಗಳ ಹಿಂಡೇ ಬರುತ್ತದೆ. ಹೊರಗಿದ್ದಾಗಲೇ ಅವುಗಳ ತಾಯಿ ಒಳಗೆ ಮೊಟ್ಟೆ ಇಟ್ಟಿರುತ್ತಾಳೆ. ಹುಳುವನ್ನು ಮೊಟ್ಟೆಯಿದ್ದಾಗಲೇ ಪರದೆಯೊಳಗೆ ತಂದರೆ ಇದು ಅಪರೂಪ. ಅಕ್ಟೋಬರ್ ಕಳೆದ ಮೇಲೆ ಕಟ್ಟಿದ ಕೋಶ ವಾರಗಟ್ಟಲೆ ಹಾಗೇ ಇರಬಹುದು. ಚಳಿಗೆ ಅದು ಒಳಗೇ ತಡೆದು ನಿಲ್ಲುತ್ತದೆ. ಹಗುರಾಗಿ, ಒಣಗಿ, ಮುಟ್ಟಿದರೆ ಪುಡಿಯಾಗುವಂತಿಲ್ಲದಿದ್ದರೆ ಎಸೆಯಬೇಡಿ.

ಹೂವಿನ ಮಾತು

ಹುಳುವಿಗೆ ಎಲೆ ಆಯಿತು, ಚಿಟ್ಟೆಗೆ ಹೂ ಬೇಕು. ರತ್ನಗಂಧಿ, ದಾಸವಾಳ, ಚೆಂಡು ಹೂ, ನಿತ್ಯಪುಷ್ಪ ಇದ್ದರೆ ಸಾಕು. ಲಂಟಾನ ಚಿಟ್ಟೆಗೆ ಇಷ್ಟವಾದರೂ ಅದು ನಮ್ಮ ಗುಡ್ಡಗಳನ್ನು ಈಗಾಗಲೇ ನುಂಗಿದೆ, ಮನೆಗೆ ತರಬೇಡಿ. ಒಂದು ಅಗಲ ತಟ್ಟೆಯಲ್ಲಿ ಮಣ್ಣು ಹಾಕಿ ಒದ್ದೆ ಇಟ್ಟರೆ ಗಂಡು ಚಿಟ್ಟೆಗಳು ಉಪ್ಪಿನಂಶ ಹೀರಲು ಬರುತ್ತವೆ.

ಲಿಂಬೆ ತೋಟದವರಿಗೆ

ಇಷ್ಟೆಲ್ಲಾ ಓದಿ 'ನಮ್ಮ ತೋಟಕ್ಕೆ ಇದೇ ಹುಳು ಕಾಟ' ಎನ್ನುವವರು ವಿಜಯಪುರ ಜಿಲ್ಲೆಯಲ್ಲಿ ಬಹಳ ಮಂದಿ. ಇದೇ ಜಿಲ್ಲೆಯ ಇಂಡಿ ಊರಿನ ಲಿಂಬೆಗೆ ಜಿಐ ಟ್ಯಾಗ್ (ಒಂದು ಊರಿನ ವಿಶೇಷ ಬೆಳೆಗೆ ಸಿಗುವ ಸರಕಾರಿ ಗುರುತು) ಕೂಡ ಸಿಕ್ಕಿದೆ. ಅವರ ಮಾತು ಸರಿ. ನರ್ಸರಿಯ ಸಸಿಗೆ, ಒಂದೆರಡು ವರ್ಷದ ಗಿಡಕ್ಕೆ ಈ ಹುಳು ನಿಜಕ್ಕೂ ಹಾನಿ ಮಾಡುತ್ತದೆ. ಬೆಳೆದ ಮರಕ್ಕೆ ಅದರಿಂದ ಆಗುವ ನಷ್ಟ ಅತಿ ಕಡಿಮೆ.

ಹಾಗಾಗಿ ಸಸಿ ಮಡಿಯನ್ನು ಪರದೆಯಿಂದ ಮುಚ್ಚಿ, ಎಳೆ ಗಿಡಗಳಲ್ಲಿ ಚಿಗುರು ಬರುವ ವಾರಗಳಲ್ಲಿ ಕೈಯಿಂದಲೇ ಮೊಟ್ಟೆ, ಹುಳು ಆರಿಸಿ. ಆರಿಸಿದ್ದನ್ನು ಹೊಸಕುವ ಬದಲು ಬದುವಿನ ಹಳೇ ಲಿಂಬೆ ಮರಕ್ಕೆ ಬಿಡಿ. ಅದಕ್ಕೊಂದು ಮರವನ್ನು ಔಷಧಿ ಹೊಡೆಯದೆ ಉಳಿಸಿಕೊಂಡರೆ ಸಾಕು. ತೋಟದ ಪಕ್ಕದಲ್ಲೇ ಇರುವ ಮನೆಯವರು ಕುಂಡದಲ್ಲಿ ಲಿಂಬೆ ಹಚ್ಚುವುದು ಬಿಟ್ಟು ಈಶ್ವರಿ ಬಳ್ಳಿ, ಸೀತಾಫಲ ಹಚ್ಚಲಿ. ಅವುಗಳ ಹುಳು ಲಿಂಬೆಯನ್ನು ಮುಟ್ಟುವುದಿಲ್ಲ, ನೆರೆಯ ರೈತನಿಗೂ ತಕರಾರಿಲ್ಲ.